ಮೂಳೆಯ ಮೇಲಿನ ಹಸಿರು

ಮಾರ್ಚ್ ೧೪, ಗುರುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಪತ್ರ ಬಂದು ಎಷ್ಟೋ ದಿನವಾಯಿತು, ಉತ್ತರ ಬರೆಯಲು ಇವತ್ತು ಕೂತೆ. ಬೈಯಬೇಡ. ಪ್ರಯೋಗಾಲಯದಲ್ಲಿ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ. ಭಾವ ಹೇಗಿದ್ದಾರೆ? ನಿನ್ನ ಹೊಲಿಗೆ ಅಂಗಡಿ ಜೋರಾಗಿಯೇ ನಡೆಯುತ್ತಿರಬೇಕು.

ಇವತ್ತು ಕಂಡದ್ದನ್ನು ನಿನಗೆ ಹೇಳದೆ ಇರಲಾರೆ. ಮೂಳೆಯ ತೆಳು ಬಿಲ್ಲೆಗೆ ನಾವೊಂದು ಪ್ರೋಟೀನ್ ಲೇಪಿಸುತ್ತೇವೆ. ಜೀವಕೋಶಗಳು ಉಗುಳುವ ಕಿಣ್ವ, ಅಂದರೆ ಎನ್‌ಜೈಮ್, ಅದನ್ನು ಎಲ್ಲಿ ಕತ್ತರಿಸುತ್ತದೋ ಅಲ್ಲಿ ಮಾತ್ರ ಹಸಿರು ಬೆಳಕು. ಅದರ ಮೇಲೆ ಸ್ತನ ಕ್ಯಾನ್ಸರಿನ ಜೀವಕೋಶಗಳನ್ನು ಬಿಟ್ಟಿದ್ದೆ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ಅವು ಹೋದ ದಾರಿಯೆಲ್ಲ ಹೊಳೆಯುತ್ತಿತ್ತು. ನೀನು ಬಟ್ಟೆಗೆ ಗೊತ್ತಾಗದ ಹಾಗೆ ಹೊಲಿಗೆ ಬಿಚ್ಚುತ್ತೀಯಲ್ಲ, ಅಷ್ಟು ನಾಜೂಕು. "ಅಬ್ಬಾ, ಎಷ್ಟು ಚೆಂದ" ಅಂದುಬಿಟ್ಟೆ. ಆ ಕೋಣೆಯಲ್ಲಿ ಹಾಗೆ ಅನ್ನುವಂತಿಲ್ಲ, ಅಂದವರು ಎಲ್ಲರ ಗಾಜಿನ ಪಾತ್ರೆ ತೊಳೆಯಬೇಕು. "ಅದು ಯಾರ್ದೋ ಮನೆ ಸಂಕಟ ಕಣೇ. ಹೋಗು, ಸಿಂಕ್ ಕಾಯ್ತಿದೆ" ಅಂದರು ನಮ್ಮ ಪ್ರಯೋಗಾಲಯ ನಡೆಸುವ ಮೇಡಂ. ತೊಳೆದೆ. ಆದರೂ ಬೆರಗು ಇಳಿಯಲಿಲ್ಲ.

ಇನ್ನೊಂದು ಕೇಳು. ಗಟ್ಟಿ ಮೂಳೆಯನ್ನು ಕೊರೆಯುವುದು ಕ್ಯಾನ್ಸರ್ ಒಂದರಿಂದಲೇ ಆಗುವ ಕೆಲಸವಲ್ಲ. ಹಳೆ ಮೂಳೆ ಕೆಡವಿ ಹೊಸದಕ್ಕೆ ಜಾಗ ಮಾಡುವ ಜೀವಕೋಶಗಳು ನಮ್ಮೊಳಗೇ ಇವೆ. ಕ್ಯಾನ್ಸರ್ ಅವನ್ನು ಪುಸಲಾಯಿಸಿ ಕೆಲಸಕ್ಕೆ ಹಚ್ಚುತ್ತದೆ. ಅವು ಆಮ್ಲ, ಕಿಣ್ವ ಸುರಿದು ಗುಳಿ ತೋಡುತ್ತವೆ. ಕರಗಿದ ಮೂಳೆಯಿಂದ ಹೊರಬಿದ್ದ ಸತ್ವ ಉಂಡು ಕ್ಯಾನ್ಸರ್ ಇನ್ನಷ್ಟು ಕೊಬ್ಬುತ್ತದೆ. ಕಣ್ಣಿಗೆ ಕಾಣದ ಜೀವಕ್ಕೆ ಇಷ್ಟೆಲ್ಲ ಯಾರು ಕಲಿಸಿದರೋ. ನನಗೆ ಭಯವೂ ಆಗುತ್ತದೆ, ಕೈ ಮುಗಿಯಬೇಕೆಂದೂ ಅನಿಸುತ್ತದೆ.

ಈಗ ನಿನ್ನ ಬೆನ್ನುನೋವಿನ ಮಾತು. "ಮಿಷನ್ ಮುಂದೆ ಕೂತು ಕೂತು ಬಂದಿದ್ದು, ನಿಂಗೆ ಎಲ್ಲದರಲ್ಲೂ ಅದೇ ಕಾಯಿಲೆ ಕಾಣುತ್ತೆ" ಅಂತ ಬರೆದಿದ್ದೀಯ. ಹಾಗೇ ಇರಲಿ. ಆದರೆ ಎದೆಯ ಗಡ್ಡೆ ತೆಗೆಸಿಕೊಂಡವಳು ನೀನು. ಒಂದು ಸಲ ಸ್ಕ್ಯಾನ್ ಮಾಡಿಸು. ಮೂಳೆ ಕೆಡವುವ ಆ ಕೋಶಗಳ ಕೈ ಕಟ್ಟಲು ಔಷಧಿ ಇದೆ, ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ನಿನ್ನ ಕಾಲಿಗೆ ಬೀಳುತ್ತೇನೆ.

ಭಾವನಿಗೆ ನಮಸ್ಕಾರ, ಮಗಳಿಗೆ ಆಶೀರ್ವಾದ. ನೀನು ನನ್ನನ್ನು ಬೈಯುತ್ತಾ ನೂರು ಕಾಲ ಬಾಳು.

ನಿನ್ನ ತರಲೆ ತಂಗಿ

ತಾ.ಕ.: ಲಕೋಟೆ ಅಂಟಿಸುವ ಮೊದಲೇ ಭಾವ ಫೋನ್ ಮಾಡಿದರು. ಸ್ಕ್ಯಾನ್ ಯಾವತ್ತೋ ಆಗಿದೆಯಂತೆ, ಬೆನ್ನುಮೂಳೆಗೆ ಇಳಿದಿದೆಯಂತೆ. "ಅವಳಿಗೆ ಹೇಳ್ಬೇಡಿ, ಆಮೇಲೆ ಆ ಮೈಕ್ರೋಸ್ಕೋಪಲ್ಲಿ ನನ್ನನ್ನೇ ನೋಡ್ತಾಳೆ" ಅಂದೆಯಂತೆ. ಅಕ್ಕ, ನಿನಗೆ ಗಡ್ಡೆ ಬಂದ ವರ್ಷದಿಂದ ನಾನು ಅದರಲ್ಲಿ ನಿನ್ನನ್ನಲ್ಲದೆ ಬೇರೆ ಯಾರನ್ನೂ ನೋಡಿಲ್ಲ. ಭಾನುವಾರ ಬರುತ್ತೇನೆ. ನನ್ನೆದುರು ನೋವಿಲ್ಲದವಳ ಹಾಗೆ ನಡೆಯಬೇಡ.