ಗಾಯರಾಣದ ಬಾಗಿಲು

ಪಾಲಬಾವಿ
೯ ಡಿಸೆಂಬರ್ ೧೯೮೯

ಮಗಳೇ ತುಳಸವ್ವ,

ಬೆಳಗಾವಿಯ ಚಳಿಗೆ ನಿನ್ನ ಕೆಮ್ಮು ಹೇಗಿದೆ? ಅವ್ವ ಕೊಟ್ಟ ಕಂಬಳಿ ಪೆಟ್ಟಿಗೆಯಲ್ಲಿ ಇಡಲಿಕ್ಕಲ್ಲ, ಹೊದೆಯಲಿಕ್ಕೆ. ಹಾಸ್ಟೆಲಿನ ಊಟ, ಟೈಪಿಂಗ್ ಕ್ಲಾಸು ಎರಡರ ಬಗ್ಗೆಯೂ ಬರೆ. ಇಲ್ಲಿ ಎಲ್ಲರೂ ಕ್ಷೇಮ. ಕರಿ ಆಡು ಎರಡು ಮರಿ ಹಾಕಿದೆ.

ದನ, ಆಡು ಮೇಯುತ್ತಿದ್ದ ನಮ್ಮ ಗಾಯರಾಣ ಈಗ ಊರ ವನವಾಗಿದೆ. ಅರಣ್ಯದವರು ನೆಟ್ಟ ಬೇವು, ಹೊಂಗೆ ತಲೆಗಿಂತ ಎತ್ತರ ಬೆಳೆದಿವೆ. ಸುತ್ತ ಬೇಲಿ, ಒಳಗೆ ಕಾಲುದಾರಿ, ಕೂರಲು ಕಟ್ಟೆ ಆಗಿವೆ. ಎಳ್ಳಮಾವಾಸ್ಯೆಗೆ ತೆರೆಯುತ್ತಾರೆ. ಆ ದಿನ ಹೊಲ ಇದ್ದವರು ಬುತ್ತಿ ಕಟ್ಟಿಕೊಂಡು ತಮ್ಮ ಹೊಲಕ್ಕೆ ಹೋಗುತ್ತಾರೆ. ಹೊಲವಿಲ್ಲದ ನಾವು ಇಷ್ಟು ವರ್ಷ ಮಂದಿಯ ಬದುವಿನ ಮೇಲೆ ಕೂತು ಉಂಡೆವು. ಈ ಸಲ ಯಾರ ಹಂಗೂ ಇಲ್ಲ. ಮಗಳು ತನ್ನ ಮೂರು ಗಾಲಿಯ ಗಾಡಿಯಲ್ಲಿ ತಾನೇ ಮರದ ಕೆಳಗೆ ಬರುತ್ತಾಳೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ.

ಬಾಗಿಲಿನ ಕೆಲಸ ವನದ ಕಮಿಟಿಯವರು ನನಗೇ ಒಪ್ಪಿಸಿದ್ದರು. ಆಡಿನ ಕಳ್ಳಬುದ್ಧಿ ಆಡು ಕಾಯುವವನಿಗಲ್ಲದೆ ಯಾರಿಗೆ ಗೊತ್ತು? ಒಬ್ಬರೇ ನುಸುಳುವಷ್ಟು ಕಿರಿದಾದ, ಕೈಯಿಂದ ತಳ್ಳಿದರೆ ತಿರುಗುವ ಕಬ್ಬಿಣದ ಬಾಗಿಲು ಮಾಡಿಸಿದೆ. ಕರಿ ಆಡನ್ನೇ ಬಿಟ್ಟು ಪರೀಕ್ಷೆ ಮಾಡಿದೆ, ಸೋತು ಹಿಂದಿರುಗಿತು. ಎಲ್ಲರೂ ಶಾಭಾಸ್ ಅಂದರು. ನಿನ್ನ ಅವ್ವ ಮಾತ್ರ ಸೊಂಟದ ಮೇಲೆ ಕೈಯಿಟ್ಟು, "ಆಡು ತಡಿಯಾಕ ಹೋಗಿ ಮಗಳನ್ನ ತಡದ್ರಲ್ರಿ! ಆಕಿ ಗಾಡಿ ಹಾರಿ ಬರತೈತೇನು?" ಎಂದಳು. ನಾಚಿಕೆಯಾಗಿ ಕೂಡಲೇ ಕಮಿಟಿಯವರ ಹತ್ತಿರ ಹೋದೆ.

ಕಮಿಟಿಯ ಧರಣೇಂದ್ರ ಅವರು, "ಒಬ್ಬಾಕಿ ಸಲುವಾಗಿ ಬಾಗಿಲಾ ಕೀಳಾಕ ಆಗತೈತೇನಪಾ? ನಾಕು ಮಂದಿ ಎತ್ತಿ ಒಳಗ ಇಟ್ಟರಾತು" ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಆದರೆ ಪೋಲಿಯೋ ಆದಾಗಿನಿಂದ ನಿನ್ನನ್ನು ಹೊತ್ತವನು ನಾನು. ಮಂದಿಯ ಎದುರು ಎತ್ತಿದಾಗಲೆಲ್ಲ ನೀನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಅಗಲದ ಇನ್ನೊಂದು ಬಾಗಿಲು ಕೂಡಿಸೋಣ ಎಂದು ಹಟ ಹಿಡಿದೆ. ಆಡು ನುಗ್ಗಿದರೆ ಯಾರು ಹೊಣೆ ಎಂದರು. ನಾನೇ ಎಂದೆ, ಒಪ್ಪಿದರು. ಇನ್ನು ಬೆಳಗಿನಿಂದ ಸಂಜೆಯವರೆಗೆ ಅಲ್ಲೇ ನನ್ನ ಕಾವಲು.

ಅವ್ವ ಶೇಂಗಾ ಹೋಳಿಗೆಗೆ ಬೆಲ್ಲ ತೆಗೆದಿಟ್ಟಿದ್ದಾಳೆ. ಗಾಡಿಯನ್ನು ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು ಬಾ. ದೇವರು ನಿನ್ನನ್ನು ಚೆನ್ನಾಗಿಡಲಿ.

ನಿನ್ನ ಅಪ್ಪ,
ಭೀಮಸಿ

ತಾ.ಕ.: ಸರಕಾರ ಕೊಟ್ಟ ನಿನ್ನ ಮೂರು ಗಾಲಿಯ ಗಾಡಿಯನ್ನು ನಾನಿನ್ನೂ ಕಣ್ಣಿಂದ ನೋಡಿಲ್ಲ. ವೆಲ್ಡಿಂಗ್ ಮಾಡುವ ಬಾಳಾಸಾಬ ಅಗಲದ ಬಾಗಿಲು ಮಾಡಲು ಮುಂದಿನ ವಾರ ಬರುತ್ತಾನೆ. ಈ ಲಕೋಟೆಯೊಳಗೆ ಅವ್ವ ನೂತ ಉಣ್ಣೆಯ ದಾರ ಇಟ್ಟಿದ್ದೇನೆ. ಗಾಡಿಯ ಅಗಲಕ್ಕೆ ಹಿಡಿದು ಕತ್ತರಿಸಿ ಕೂಡಲೇ ಟಪಾಲಿಗೆ ಹಾಕು. ಎರಡೂ ಕಡೆ ನಿನ್ನ ಮೊಣಕೈ ಆಡುವಷ್ಟು ಹೆಚ್ಚು ಬಿಟ್ಟೇ ಕತ್ತರಿಸು.