ಸತ್ತಾಂವ ಮಾರೂ ಸೀರಿ

ರಾಣೆಬೆನ್ನೂರು
ಶನಿವಾರ, 19 ಏಪ್ರಿಲ್ 2025

ಪ್ರೀತಿಯ ಅಕ್ಕಾ,

ಬದುಕಿರೋ ನಿನ್ನ ತಮ್ಮ ಅಂಜಿನಪ್ಪ ಮಾಡೂ ಶರಣು. ನಿನ್ನ ಮಂಡಿ ನೋವು ಹೆಂಗೈತಿ? ಇಚಲಕರಂಜಿ ಬಿಸಲು ನಮ್ಮೂರಿಗಿಂತ ಕಡಿಮಿನೋ ಹೆಚ್ಚೋ? ಹೊಸಾ ಹಲ್ಲು ಬಾಯಾಗ ಕುಂತಾವೇನು, ಇಲ್ಲಾ ಇನ್ನೂ ಡಬ್ಬ್ಯಾಗಿಟ್ಟು ರೊಟ್ಟಿ ಹಾಲಾಗ ನೆನಸಿ ತಿನ್ನಾಕತ್ತೀದಿ? ಇಲ್ಲಿ ನನ್ನ ಮುತ್ತೈದಿ ಹೇಣ್ತಿ ಚೌಡವ್ವ ಆರಾಮ ಅದಾಳ, ಹಿತ್ತಲದಾಗಿನ ಕರಿಬೇವಿನ ಗಿಡ ಆರಾಮ ಐತಿ, ನಾನೂ ಆರಾಮ ಅದೀನಿ. ಈ 'ನಾನೂ' ಅನ್ನೂದರ ಮ್ಯಾಲ ಬೆರಳಿಟ್ಟು ಇನ್ನೊಮ್ಮೆ ಓದು.

ಆವತ್ತ ಫೋನಿನ್ಯಾಗ ಆದ ಗದ್ದಲಕ್ಕ ಈ ಪತ್ರ. ನಿನ್ನ ಸೊಸಿ ಮೇಘಾ ಫೋನ್ ಹಚ್ಚಿ 'ಮಾವಾ, ನೀವು ಅದೀರೇನ್ರಿ?' ಅಂತ ಕೇಳಿದ್ಲು. ಅದೀನವಾ, ಎಲ್ಲಿ ಹೋಗ್ಲಿ, ಅಂದೆ. ನೀ ಅಷ್ಟರಾಗ ತಲಿಮ್ಯಾಲ ನೀರ ಹಾಕ್ಕೊಂಡು ಒದ್ದಿ ಸೀರ್ಯಾಗ ಕುಂತು ಅಳಾಕತ್ತಿದ್ದಿ ಅಂತ. ನಾ ಒದರೇ ಒದರಿದೆ. ನನ್ನ ಓಣಿಗೆಲ್ಲಾ ಕೇಳ್ತು, ನಿನ್ನ ಓಣಿಗೂ ಕೇಳಿರಬೇಕು, ನಿನ್ನ ಕಿವಿಗೊಂದ ಕೇಳಲಿಲ್ಲ. ವಿಡಿಯೋದಾಗ ಮಾರಿ ತೋರಿಸಿದ್ರ ಅತ್ತಾಗ ತಿರುಗಿ 'ಸತ್ತಾಂವನ್ನ ನನಗ ತೋರಸಬ್ಯಾಡ್ರಿ' ಅಂದಿ. ಅದಕ್ಕ ಕೈಲೆ ಬರ್ಯಾಕತ್ತೇನಿ. ನಾಕನೇ ಇಯತ್ತೆ ದಾಟದಾಂವನ ಈ ಕಾಗಿ ಕಾಲು ಗುಬ್ಬಿ ಕಾಲು ಅಕ್ಷರ ಜಿಲ್ಲಾದಾಗ ಇನ್ಯಾರಿಗೂ ಬರೂದಿಲ್ಲ. ಇದು ನಾನ. ಈಗ ಹೆಂಗ ಸತ್ತೆ ಅನ್ನೂದನ್ನ ಹೇಳತೇನಿ, ಕೇಳು. ಕೇಳೂದ ಬಿಡು, ಓದು.

ಹೋದ ವರ್ಷ ಯುಗಾದಿ ಮುಂದ ಕೊಟ್ರೇಶ ನನ್ನ ಕರದ. ಕೊಟ್ರೇಶ ಅಂದ್ರ ನಾ ಸೀರಿ ಮಾರತಿದ್ದ ಅಂಗಡಿ ಸಾವಕಾರನ ಮಗ. ಅವರಪ್ಪ ತೀರಿಕೊಂಡ ಮ್ಯಾಲ ಈಗ ಅವನ ಸಾವಕಾರ. 'ಕಾಕಾ, ನಿಮಗೊಂದು ಸನ್ಮಾನ ಮಾಡಬೇಕಂತ ಮಾಡೇನ್ರಿ' ಅಂದ. ಪಗಾರ ಹೆಚ್ಚ ಮಾಡ್ತಾನಂತ ತಿಳದು ನಾ ಹೊಸಾ ಅಂಗಿ ಹಾಕ್ಕೊಂಡು ಹೋದೆ, ಚೌಡವ್ವ ಹೂವಿನ ದಂಡಿ ಮುಡಕೊಂಡು ಬಂದ್ಲು. ಅವಾ ಅಂಗಡ್ಯಾಗಿನ ಬಿಳೇ ಗಾದಿ ತಗದು, ಗಾಜು ಹಾಕಿ, ಎಸಿ ಕುಂದರಿಸಿ, ಶೋರೂಮ್ ಮಾಡಿದ್ದ. ಮೈಕ್ ಹಿಡದು 'ನಮ್ಮ ಅಂಜಿನಪ್ಪ ಕಾಕಾ ಅಂದ್ರ ಈ ಅಂಗಡಿಯ ಆಲದ ಮರ' ಅಂದ. ಮರ ಅಂದ ಕೂಡ್ಲೆ ನಾ ತಿಳಕೋಬೇಕಿತ್ತು ಅಕ್ಕಾ, ಕಡ್ಯಾಕ ಬಂದಾರಂತ. ತಿಳೀಲಿಲ್ಲ. ಶಾಲು ಹೊಚ್ಚಿದ್ರು, ಹಣ್ಣಿನ ಬುಟ್ಟಿ ಕೊಟ್ರು, ಹಾರ ಹಾಕಿದ್ರು. ಏಲಕ್ಕಿ ಹಾರ ಮಾಡೂ ಹಾವೇರಿ ಇಲ್ಲೇ ಮಗ್ಗಲದಾಗ ಐತಿ, ಆದ್ರ ನನ್ನ ಕೊಳ್ಳಿಗೆ ಬಿದ್ದದ್ದು ಚೆಂಡಹೂವಿಂದು. ಆಮ್ಯಾಲ ಮೈಕಿನ್ಯಾಗ 'ಇನ್ನ ಮುಂದ ಕಾಕಾರು ಮನ್ಯಾಗ ವಿಶ್ರಾಂತಿ ತಗೋತಾರು' ಅಂತ ಹೇಳಿದ. ಎಲ್ಲಾರೂ ಚಪ್ಪಾಳಿ ಹೊಡದ್ರು, ನಾನೂ ಹೊಡದೆ. ತನ್ನ ಕೆಲಸ ಹೋಗಿದ್ದಕ್ಕ ತಾನ ಚಪ್ಪಾಳಿ ಹೊಡದ ಮಬ್ಬ ಎಲ್ಲೆರ ಸಿಕ್ತಾನೇನು? ನನಗ ದಣಿವಾಗಿದ್ದು ನನಗ ಗೊತ್ತಿರಲಿಲ್ಲ, ಕೊಟ್ರೇಶಗ ಗೊತ್ತಾಗಿತ್ತು. ಐವತ್ತಾರಕ್ಕ ವಿಶ್ರಾಂತಿ! ಫೋಟೋ ತಗಿಯೂ ಮುಂದ ಲೈಟ್ ಬಡದು ನನ್ನ ಕಣ್ಣ ಮುಚ್ಚಿದ್ವು. ಕೊಳ್ಳಾಗ ಹಾರ, ಮುಗದ ಕೈ, ಮುಚ್ಚಿದ ಕಣ್ಣು. ನನ್ನ ಕೊಂದದ್ದು ಆ ಫೋಟೋನ.

ಬ್ಯಾರೇ ಕಡೆ ಕೆಲಸ ಕೇಳಾಕ ಹೋದೆ. ಹಾವೇರ್ಯಾಗ ಒಂದೊಂದ ಅಂಗಡ್ಯಾಗೂ ಎದ್ದು ನಿಂತು 'ನೀವು ಹಿರ್ಯಾರು, ಕುಂದ್ರಿ, ಚಾ ಕುಡೀರಿ' ಅಂದ್ರು. ಚಾ ಕುಡದು ಕುಡದು ಪಿತ್ತ ಆತು, ಕೆಲಸ ಆಗಲಿಲ್ಲ. ನಿನಗೊಂದ ಮಾತ ಹೇಳತೇನಿ, ಕೈ ಮುಗಿಯೋರು ಕೆಲಸ ಕೊಡೂದಿಲ್ಲ. ಬ್ಯಾಡಗಿಗೆ ಹೋಗೂ ಮುಂದ ಚೌಡವ್ವನ ಮಾತ ಕೇಳಿ ತಲಿಗೆ ಕರೇ ಬಣ್ಣ ಹಚ್ಚಿಕೊಂಡು ಹೋದೆ. ಬಿಸಲಾಗ ಬೆವತು ಬಣ್ಣೆಲ್ಲಾ ಇಳದು ಅಂಗಿ ಕಾಲರಿಗೆ ಬಂತು. ಸೀರಿ ಬಣ್ಣಕ್ಕ ಜನ್ಮೆಲ್ಲಾ ಗ್ಯಾರಂಟಿ ಕೊಟ್ಟಾಂವ ನನ್ನ ತಲಿ ಬಣ್ಣಕ್ಕ ಕೊಡಾಕ ಆಗಲಿಲ್ಲ. ಮ್ಯಾಲ ಮೆಣಸಿನಕಾಯಿ ಘಾಟಿಗೆ ಸೀನು ಹತ್ತಿತು. ಆ ಊರಾಗ ಹುಟ್ಟಿದ ಕೂಸೂ ಸೀನತೈತಿ, ನಾ ಸೀನಿದ್ರ 'ಪಾಪ, ಕಾಕಾರಿಗೆ ಆರಾಮಿಲ್ಲ' ಅಂದ್ರು. ಕೌಂಟರಿನ್ಯಾಗ ಕುಂತ ಹುಡುಗಿ 'ಅಂಕಲ್, ನಿಮ್ಮ ಮಗನ ಸಲುವಾಗಿ ಕೇಳಾಕ ಬಂದೀರೇನ್ರಿ?' ಅಂದ್ಲು. ಹೂಂನವಾ ಅಂದು ಹೊರಗ ಬಂದೆ. ಮಕ್ಕಳಿಲ್ಲದ ನನಗ ಅವತ್ತ ಒಬ್ಬ ಮಗ ಹುಟ್ಟಿದ, ಅವಗೂ ಕೆಲಸ ಸಿಗಲಿಲ್ಲ.

ಯಾರೂ ಕೊಡಲಿಲ್ಲಂದ ಮ್ಯಾಲ ನನಗ ನಾನ ಕೆಲಸ ಕೊಟ್ಕೊಂಡೆ. ಬಾಜೂ ಮನಿ ಅಕ್ಬರಬಿ ನಿನಗ ಗೊತ್ತಲ್ಲ, ನನಗಿಂತ ದೊಡ್ಡಾಕಿ, ಫೋನಿನ್ಯಾಗ ಶೇಂಗಾ ಚಟ್ನಿ ಮಾರತಾಳ. ಆಕಿನ ಹೇಳಿಕೊಟ್ಲು. ಇಳಕಲ್ಲಿನ ನೇಕಾರರು ನನ್ನ ಗುರ್ತಿನವರು, ಮಾತಿನ ಮ್ಯಾಲ ಸೀರಿ ಕೊಟ್ರು. ಚೌಡವ್ವ ಫೋನ್ ಹಿಡೀತಿದ್ಲು, ಮೊದಮೊದಲ ಎಲ್ಲಾ ವಿಡಿಯೋದಾಗೂ ಆಕಿ ಹೆಬ್ಬಟ್ಟ ಹೀರೋಯಿನ್. ನಾ ಸೀರಿ ಸೆರಗ ಹೆಗಲ ಮ್ಯಾಲ ಹಾಕ್ಕೊಂಡು 'ಯವ್ವಾ, ಗಂಡ ಬಿಟ್ಟಾನು, ಈ ಸೀರಿ ಬಣ್ಣ ಬಿಡೂದಿಲ್ಲ' ಅಂತಿದ್ದೆ. ನಕ್ಕು ನಕ್ಕು ತಗೋತಿದ್ರು. ಹಾವೇರಿಯವರು, ಕಾಗಿನೆಲಿಯವರು, ಕುಮಾರಪಟ್ಟಣದ ಕ್ವಾರ್ಟರ್ಸಿನ ಹೆಣ್ಮಕ್ಕಳು. ಕೆಳಗ ಕೆಲವೊಂದ ಹುಡುಗೂರು 'ಅಜ್ಜಾ, ಮನ್ಯಾಗ ಕುಂತು ಭಜನಿ ಮಾಡು' ಅಂತ ಬರೀತಿದ್ವು. ಬರೀಲಿ, ಅವೇನ ಸೀರಿ ಉಡತಾವು? ಶ್ರಾವಣದಿಂದ ಶಿವರಾತ್ರಿ ತನಕ ನಾ ಗಾದಿ ಮ್ಯಾಲ ಕುಂತಾಗಲೂ ಇಲ್ಲದಷ್ಟು ಖುಷೀಲೆ ದುಡದೆ. ಈ ಮದುವಿ ಹಂಗಾಮು ಒಂದ ಕೈ ಹಿಡೀತಂದ್ರ ದಂಧೆ ನಿಂದ್ರತೈತಿ ಅಂತ ಲೆಕ್ಕ ಹಾಕಿದ್ದೆ. ಮನಿ ತುಂಬ ಮದುವಿ ಸೀರಿನ ತರಿಸಿದ್ದೆ.

ಯುಗಾದಿಗೆ ಕೊಟ್ರೇಶನ ಶೋರೂಮಿಗೆ ವರ್ಷ ತುಂಬಿತು. ಅವಾ ಆ ಫೋಟೋ ತಗದು ಸ್ಟೇಟಸ್ಸಿಗೆ, ಫೇಸ್‌ಬುಕ್ಕಿಗೆ ಎಲ್ಲಾ ಕಡೆ ಹಾಕಿದ. ಕೆಳಗ ಸಾಲಿ ಮಾಸ್ತರಗತೆ ಶುದ್ಧ ಕನ್ನಡ. 'ನಮ್ಮ ಹಿರಿಯ ಜೀವ ಶ್ರೀ ಅಂಜಿನಪ್ಪನವರು. ಅವರ ಸೇವೆ ಚಿರಸ್ಮರಣೀಯ. ಅವರನ್ನು ಪ್ರೀತಿಸಿದ ಗ್ರಾಹಕರೆಲ್ಲರೂ ನಮ್ಮ ಶೋರೂಮಿಗೆ ಬನ್ನಿ.' ಚಿರಸ್ಮರಣೀಯ ಅನ್ನೂ ಶಬ್ದಾನ ಬದುಕಿದ್ದಾಂವಗ ಯಾರಾರ ಬರೀತಾರೇನ? ಯಾರೋ ಒಬ್ಬ 'ಓಂ ಶಾಂತಿ' ಅಂತ ಬರದ. ಒಂದ ಕುರಿ ಬಾವಿಗೆ ಹಾರಿದ್ರ ಹಿಂಡಿಗೇನ ಕೇಳೂದೈತಿ? ಓಂ ಶಾಂತಿ, ಓಂ ಶಾಂತಿ, ಮುಗದ ಕೈ, ಅಳೂ ಮಾರಿ. ಮುಂಜಾನೆ ನಾ ಕಟ್ಟಿಮ್ಯಾಲ ಕುಂತು ಹಲ್ಲು ತಿಕ್ಕಾಕತ್ತಿದ್ದೆ, ಅಕ್ಬರಬಿ ಎದಿ ಬಡಕೊಂತ ಓಡಿ ಬಂದ್ಲು. ದುಃಖದಾಗ ನನ್ನ ಮಾರಿ ಸುದ್ದಾ ನೋಡದ ನನ್ನನ್ನ ಕೇಳಿದ್ಲು, 'ಅಣ್ಣಾ, ಮಣ್ಣು ಎಷ್ಟೊತ್ತಿಗೆ ಐತ್ರಿ?' ಬಾಯಿ ತೊಳಕೊಂಡ ಕೂಡ್ಲೆ ಅಂದೆ. ಆಕಿ ನೋಡಿದ್ಲು, ಕಿಟಾರನ ಒದರಿದ್ಲು, ಆಮ್ಯಾಲ ಚೌಡವ್ವನ ಕೂಡ ಕುಂತು ಇಬ್ಬರೂ ಹೊಟ್ಟಿ ಹಿಡಕೊಂಡು ನಕ್ಕರು. ಅವತ್ತ ನಾನೂ ನಕ್ಕೆ. ಸತ್ತ ಸುದ್ದಿ ಹಬ್ಬಿದ್ರ ಆಯುಷ್ಯ ಹೆಚ್ಚಾಗತೈತಿ ಅಂತ ಮಂದಿ ಹೇಳಿದ್ರು. ಖರೇ ಐತಿ ಅಕ್ಕಾ. ಆಯುಷ್ಯ ಹೆಚ್ಚಾತು, ದಂಧೆ ಸತ್ತು ಹೋತು.

ಬದುಕೇನಿ ಅಂತ ತೋರಸಾಕ ಅವತ್ತ ಲೈವ್ ಬಂದೆ. ಕುಣದೆ, ಹಾಡಿದೆ, ಗಂಡ ಬಿಟ್ಟಾನು ಅಂದೆ. ಕೆಳಗ ಏನ ಬರದ್ರು ಗೊತ್ತೈತೇನು? 'ಹಳೇ ವಿಡಿಯೋ. ಪಾಪ, ಹೆಂಗ ನಗಸ್ತಿದ್ದ.' ನಾ ಅದೀನ್ರೋ ಅಂತ ನಾನ ಟೈಪ್ ಮಾಡಿದ್ರ ಒಬ್ಬಾಕಿ 'ನಿಮ್ಮ ತಂದೀಯವರು ಭಾಳ ಚಲೋ ಮನಶ್ಯಾ ಇದ್ರಪಾ, ಧೈರ್ಯ ತಗೋ' ಅಂದ್ಲು. ಬ್ಯಾಡಗ್ಯಾಗ ಹುಟ್ಟಿದ ಆ ಮಗ ಇಲ್ಲಿ ಬಂದು ನನ್ನ ಜಾಗಾದಾಗ ಕುಂತಿದ್ದ. ಗಂಟಲ ಕಟ್ಟೂತನಕ ಮಾತಾಡಿದೆ. ಒಂದ ಸೀರಿ ಹೋಗಲಿಲ್ಲ.

ಕಾಗಿನೆಲಿಯ ಒಬ್ಬಾಕಿ ಮಗಳ ಮದುವಿಗೆ ಒಂದ ಗಂಟು ಸೀರಿ ಮೊದಲ ಹೇಳಿಟ್ಟಿದ್ಲು. ಬರೇ ಫೋನಿನ್ಯಾಗ ನಂಬೂದಿಲ್ಲಂತ ಗಂಟ ಹೊತ್ಕೊಂಡು ಬಸ್ ಹತ್ತಿ ನಾನ ಹೋದೆ. ಕಟ್ಟಿಮ್ಯಾಲ ಕುಂದರಿಸಿ ನೀರ ಕೊಟ್ಲು, ಬೆಲ್ಲ ಕೊಟ್ಲು. ಗಂಟ ಮಾತ್ರ ಹೊಸ್ತಲ ದಾಟಲಿಲ್ಲ. 'ನೀವು ನೂರ ವರ್ಷ ಬಾಳ್ರಿ ಕಾಕಾ. ಆದ್ರ ಸುದ್ದಿ ಒಮ್ಮೆ ಮನಿಗೆ ಬಂದಬಿಟ್ಟೈತಲ್ರಿ. ಶುಭಕಾರ್ಯ. ಸತ್ತಾಂವನ ಕೈಯಾಗಿನ ಸೀರಿ ಅಂತ ಬೀಗರು ನಾಳೆ ಒಂದ ಮಾತ ಅಂದ್ರ ಹುಡುಗಿ ಜನ್ಮೆಲ್ಲಾ ಕೇಳಬೇಕಾಕ್ಕತಿ' ಅಂದ್ಲು. ಅಂದಿದ್ದಕ್ಕಿಂತ ಕಣ್ಣಾಗ ನೀರ ತಂದುಕೊಂಡು ಅಂದ್ಲು ನೋಡು, ಅದ ಹೆಚ್ಚ ಚುಚ್ಚತು. ಸಿಟ್ಟಿಲೆ ಬೈದಿದ್ರ ನಾನೂ ಒಂದ ನಗಚಾಟಿಕಿ ಮಾಡಿ ಬರತಿದ್ದೆ. ಹೊಳ್ಳಿ ಬರೂ ಮುಂದ ಕದರಮಂಡಲಗ್ಯಾಗ ಇಳದು ಹನುಮಪ್ಪಗ ಕಾಯಿ ಒಡಿಸಿದೆ. ಇಬ್ಬರದೂ ಹೆಸರ ಒಂದ ಐತೆಲ್ಲೋ ಮಾರಾಯಾ, ನೀ ಚಿರಂಜೀವಿ ಆದಿ, ನನ್ನ ಯಾಕ ಚಿರಸ್ಮರಣೀಯ ಮಾಡಿದಿ ಅಂತ ಕೇಳಿದೆ. ಅವನೂ ಕೈ ಮುಗದ ನಿಂತಿದ್ದ. ಕೈ ಮುಗಿಯೋರದು ಮ್ಯಾಲ ಹೇಳೇನಲ್ಲ.

ಕಡೀಕ ಕೊಟ್ರೇಶನ ಕಡೆ ಹೋದೆ. ಫೋಟೋ ತಗಿಯೋ ಮಾರಾಯಾ, ಇಲ್ಲಾ ಕೆಳಗ 'ಇವರು ಜೀವಂತ ಅದಾರ' ಅಂತ ಒಂದ ಸಾಲ ಬರಿ, ಅಂದೆ. 'ಕಾಕಾ, ಕುಂದ್ರಿ. ನಾವೆಲ್ಲಿ ಸತ್ತಾರಂತ ಬರದೇವ್ರಿ? ಗೌರವ ಕೊಟ್ಟೇವಿ. ಅದಕ್ಕ ಎಷ್ಟ ಲೈಕ್ ಬಂದಾವು ನೋಡ್ರಿ' ಅಂತ ನನ್ನ ಸಾವನ್ನ ನನಗ ತೋರಿಸಿದ. ನಿಂತ ನಿಂತಲ್ಲೇ ಇನ್ನೊಂದ ಮಾತ ತಗದ. ಅವನೂ ಲೈವ್ ಸುರು ಮಾಡಾಂವ ಅದಾನಂತ. ಸೀರಿ ಉಟ್ಟು ಒಬ್ಬಾಕಿ ಹುಡುಗಿ ನಿಂದ್ರತಾಳ, ನಾ ಕ್ಯಾಮೆರಾದ ಹಿಂದ ಕುಂತು ಮಾತಾಡಬೇಕಂತ. ನನ್ನ ಮಾತು, ಆಕಿ ಮಾರಿ. 'ಮಾರಿ ಬ್ಯಾಡ್ರಿ ಕಾಕಾ, ಬಾಯಿ ಸಾಕು' ಅಂದ. ಅಂದು ನಕ್ಕ. ನಗಸೂದು ನನ್ನ ಕೆಲಸ, ಅವತ್ತ ಅವಾ ಮಾಡಿದ. ಚಾ ತರಿಸಿದ್ದ, ಕುಡದು ಬಂದೆ. ಬಸವ ಜಯಂತಿ ಒಳಗ ಹೇಳಬೇಕಂತ.

ಮನ್ಯಾಗ ಸೀರಿ ಗಂಟಗೋಳು ಗೋಡಿಗುಂಟ ಕುಂತಾವ, ಸತ್ತ ಮನಿಗೆ ಮಾತಾಡಸಾಕ ಬಂದ ಬೀಗರಗತೆ. ಇಳಕಲ್ಲಿನವರಿಗೆ ಹೊಳ್ಳಿ ಕೊಡಬೇಕೋ ಇಟ್ಕೋಬೇಕೋ ತಿಳೀವಲ್ಲದು. ಚೌಡವ್ವ ನನ್ನ ಮುಂದ ಅಳಂಗಿಲ್ಲ, ಈರುಳ್ಳಿ ಹೆಚ್ಚಾಕ ಹೋಗತಾಳ. ಈ ತಿಂಗಳ ನಾವು ಈರುಳ್ಳಿ ಭಾಳ ತಿಂದೇವಿ.

ನೀ ಮಂಡಿಗೆ ಎಣ್ಣಿ ಹಚ್ಚಿಕೊಳ್ಳೂದ ಬಿಡಬ್ಯಾಡ. ಮನ್ಯಾಗಿನ ಸಣ್ಣವರಿಗೆಲ್ಲಾ ಈ ಚಿರಸ್ಮರಣೀಯನ ಆಶೀರ್ವಾದ ಹೇಳು, ದೊಡ್ಡವರಂದ್ರ ನೀ ಒಬ್ಬಾಕಿನ, ನಿನಗ ಮತ್ತೊಮ್ಮೆ ಶರಣು.

ನಿನ್ನ ತಮ್ಮ,
ಅಂಜಿನಪ್ಪ (ಹಾಲಿ)

ತಾ.ಕ.: ಬರೀಬೇಕಂತ ಕುಂತದ್ದು ಇದೊಂದಕ್ಕ, ಕೈ ಅಲ್ಲೆಲ್ಲಾ ತಿರಗಿ ಬಂತು. ಮೊನ್ನೆ ಮೇಘಾ ಮತ್ತ ಫೋನ್ ಮಾಡಿದ್ಲು. ಮೊಮ್ಮಗಳು ಅಂಜಲಿ ಮದುವಿಗೆ ಧಾರೀ ಸೀರಿ ನಾನ ಕಳಸಬೇಕಂತ ನೀ ಹಟಾ ಮಾಡಿದ್ದಿಯಲ್ಲ, ಅದು ಈಗ ಬ್ಯಾಡಂತ. 'ಅತ್ತಿಯಾರ ಬ್ಯಾಡಂದ್ರು ಮಾವಾ, ಬ್ಯಾಸರ ಮಾಡ್ಕೋಬ್ಯಾಡ್ರಿ. ನೀವು ಹಿರ್ಯಾರು, ಮದುವಿಗೆ ಬಂದು ಮುಂದ ಕುಂದ್ರಬೇಕ್ರಿ' ಅಂದ್ಲು. ಖರೇ ನೀ ಅಂದಿಯೇನಕ್ಕಾ? ಇಲ್ಲಾ ನಿನಗ ಗೊತ್ತಿಲ್ಲದ ನಿನ್ನ ಹೆಸರ ತಗೊಂಡಾರೋ? ಫೋನ್ ಹಚ್ಚಿದ್ರ ಅವರ ಎತ್ತತಾರ, ನಿನಗ ಕೇಳಂಗಿಲ್ಲ. ಅದಕ್ಕ ನಿನ್ನ ಕೈಲೆ ಒಂದ ಸಾಲ ಬರದು ಹಾಕು. ನೀನ ಅಂದಿದ್ರ ಅಂದೇನಿ ಅಂತ ಬರಿ, ಸಿಟ್ಟಾಗಂಗಿಲ್ಲ. ಬೆನ್ನಿಗೆ ಬಿದ್ದ ತಮ್ಮನ ಸೀರಿ ನೀನೂ ಮುಟ್ಟೂದಿಲ್ಲಂದ್ರ, ಮಾರಿ ಮನ್ಯಾಗ ಬಿಟ್ಟು ಬಾಯಷ್ಟ ಕೊಟ್ರೇಶನ ಅಂಗಡಿಗೆ ಕಳಸತೇನಿ. ನೀ ಅಂದಿಲ್ಲಂದ್ರ ಲಗೂ ಬರಿ, ಬಸವ ಜಯಂತಿ ಬಂತು. ಹಸರ ಬಣ್ಣದ್ದು ತಗದಿಟ್ಟೇನಿ, ಕೆಂಪ ಅಂಚಿಂದು, ಅಂಜಲಿಗೆ ಅದು ಭಾಳ

ಚೌಡವ್ವ ಒಳಗಿಂದ ಎರಡನೇ ಸಲ ಒದರಿದ್ಲು. 'ಬಂದು ಉಣತೀರೋ, ಇಲ್ಲಾ ಎಡಿ ಇಡ್ಲೋ?'