ಸರ್ವಿಸ್ ಪ್ಯಾಕ್ ಮತ್ತೆ ಹಾಕಬೇಕು

ಉನ್‌ಸಿಲ್,

ಚುಸೊಕ್ ಸುಗ್ಗಿ ಹಬ್ಬ ಬಂತು, ಅಂಗಡಿ ಕಂಪ್ಯೂಟರ್ ಕಡುಬಿನ ಡಬ್ಬಿಗೆ ಚೀಟಿ ಮುದ್ರಿಸ್ತಿಲ್ಲ. ನಾನು ಹಳೇ ಡಿಸ್ಕಿನಿಂದ ಪ್ರಿಂಟರಿನ ಸಾಫ್ಟ್‌ವೇರ್ ಹಾಕಿದೆ. ಹೊಸ ಫೈಲುಗಳ ಜಾಗದಲ್ಲಿ ಹಳೇವು ಬಂದು ಕೂತಿವೆಯಂತೆ.

ರಿಪೇರಿಯವನು, “ಎಲ್ಲಾ ಅಳಿಸಿ ಹೊಸದಾಗಿ ಹಾಕೋಣ ಅಜ್ಜಿ” ಅಂದ. “ನನ್ನ ಮಗನ ಫೋಟೋ ಇರೋದೇ ಇದ್ರಲ್ಲಿ, ಎದ್ದು ಹೋಗಯ್ಯ” ಅಂದೆ.

“ಏನೂ ಅಳಿಸ್ಬೇಡಿ ಅತ್ತೆ, ಹೊಸ ಫೈಲುಗಳಿರೋ ಸರ್ವಿಸ್ ಪ್ಯಾಕ್ ಮತ್ತೆ ಹಾಕಿದ್ರೆ ಸಾಕು” ಅಂತ ಹಿಂದೆ ಹೀಗಾದಾಗ ನೀನು ಹೇಳ್ತಿದ್ದೆ. ಗ್ಯುತೆ ತೀರಿಕೊಂಡ ಮೇಲೆ ನೀನು ತವರಿಗೆ ಹೊರಟಾಗ ನಾನು ಇರು ಅನ್ನಲಿಲ್ಲ.

ಬಂದು ಹಾಕಿಕೊಡು. ಎಳ್ಳು ತುಂಬಿದ ಕಡುಬು ನಿನಗೆ ಅಂತ ತೆಗೆದಿಡ್ತೀನಿ.

ಸರ್ವಿಸ್ ಪ್ಯಾಕ್ ಡಿಸ್ಕ್ ನನ್ನ ಮೇಜಿನಲ್ಲೇ ಇದೆ. ಹಾಕೋದನ್ನೂ ನಿನ್ನ ನೋಡಿ ಕಲಿತಿದ್ದೀನಿ. ಆದ್ರೂ ಬಾ.

ಗ್ಯುತೆಯ ಅಮ್ಮ,
ಜೊಂಜು ಊರಿನಿಂದ